ಹೊಲಿಗೆ ಕೂಲಿ

ಬೇಳದ ಲಿಗೋರಿ ಕ್ರಾಸ್ತಾನ ಹೆಂಡತಿ,
ಸೆಬು ಎಂಬ ದ್ವೀಪದವಳು, ರೊಸೆಂದಾ,
ಕುಂಬ್ಳೆ ಪೇಟೆಯ ನನ್ನಂಗಡಿಗೆ ಬಂದು
ಟವೆಲಿನಲ್ಲಿ ಸುತ್ತಿದ ಮಗುವನ್ನು ಮೇಜಿನ ಮೇಲಿಟ್ಟಳು.
ಮರದ ಮಗು. ಒಂದು ಗೇಣು, ಎರಡು ಬೆರಳು.
ಕಿರೀಟ ಇದೆ, ಅಂಗಿ ಇಲ್ಲ.

ಕೆಂಪು ವೆಲ್ವೆಟ್, ಅಂಚಿಗೆ ಜರಿ, ಎಂದಳು
ಅರ್ಧ ಕೊಂಕಣಿಯಲ್ಲಿ, ಅರ್ಧ ಕೈಯಲ್ಲಿ.
ಮೂವತ್ತು ವರ್ಷ ಅಳತೆ ತೆಗೆದಿದ್ದೇನೆ,
ಟೇಪು ಸುತ್ತುವಾಗ ಉಸಿರು ಬಿಗಿಹಿಡಿಯದ ಗಿರಾಕಿ
ಇವನೊಬ್ಬನೇ.

ಜನವರಿಯ ಮೂರನೇ ಭಾನುವಾರ ಅವಳ ಊರಲ್ಲಿ
ಬೀದಿಗೆ ಬೀದಿಯೇ ಕುಣಿಯುತ್ತದಂತೆ ಈ ಬಾಲಯೇಸುವಿಗೆ.
ಅವಳಮ್ಮ ಇಗರ್ಜಿಯ ಬಾಗಿಲಲ್ಲಿ ಮೊಂಬತ್ತಿ ಮಾರುತ್ತಿದ್ದವಳು.
ಕಾಸು ಕೊಟ್ಟು ಒಂದು ಹೆಸರು ಹೇಳಿದರಾಯಿತು,
ಕಾಲು ಬಾರದವರಿಗೆ, ಕಡಲಲ್ಲಿರುವವರಿಗೆ,
ಸುಮ್ಮನೆ ನಾಚುವವರಿಗೂ
ಮೊಂಬತ್ತಿ ಹಿಡಿದು ತಾನೇ ಕುಣಿದುಕೊಡುವಳು.

ಕೂಲಿ ಎಷ್ಟು ಎಂದಳು. ಬೇಡ ಎಂದೆ.
ಹಾಗಾದರೆ ಹೆಸರು ಹೇಳು.

ಗುಂಡಿಗಳ ಡಬ್ಬ ಕೈತಪ್ಪಿ ಉರುಳಿದ ಹಾಗೆ
ಬಾಯಿಂದ ಬಿತ್ತು: ದೂಮಪ್ಪ.
ನನ್ನ ತಮ್ಮ. ತಲಪಾಡಿಯ ಆಚೆ, ತೊಕ್ಕೊಟ್ಟಿನಲ್ಲಿ
ಅವನದೂ ಇದೇ ಕಸುಬು.
ಅಪ್ಪನ ಮೆಷಿನು ಯಾರಿಗೆ ಎಂಬಲ್ಲಿ ಮಾತು ನಿಂತು
ಹನ್ನೊಂದು ವರ್ಷ.
ಮೆಷಿನು ನನ್ನಲ್ಲಿದೆ. ಎಣ್ಣೆ ಬಿಡುತ್ತೇನೆ. ಹೊಲಿಯುವುದಿಲ್ಲ.

ಆ ಭಾನುವಾರ ಪೂಜೆ ಬಿಟ್ಟ ಮೇಲೆ
ಬೇಳದ ಕೆಂಪು ಮಣ್ಣಿನ ದಾರಿಯಲ್ಲಿ
ಬೀದಿ ಎಂದರೆ ಅವಳೊಬ್ಬಳು.
ಲಿಗೋರಿ ಹಡಗಿನಲ್ಲಿ, ಯಾವ ಬಂದರೋ.
ಡೋಲಿಗೆ ಪಕ್ಕದ ಮನೆ ಹುಡುಗ, ಖಾಲಿ ಪೇಂಟ್ ಡಬ್ಬ.
ಎದೆಗವಚಿದ ಕೆಂಪು ವೆಲ್ವೆಟ್ಟಿನ ಮಗು
(ಎಡಗೈ ತೋಳು ಚೂರು ಉದ್ದವಾಯಿತೇ?)
ಮೊದಲು ಗಂಡನ ಹೆಸರು, ಆಮೇಲೆ
ಡೂಮಪಾ, ಡೂಮಪಾ ಎಂದಳು
ಒತ್ತಕ್ಷರ ಕಡಲಿಗೆ ಬಿಟ್ಟು.
ಎರಡು ಹೆಜ್ಜೆ ಮುಂದೆ, ಒಂದು ಹಿಂದೆ.
ನೀರಿನ ಸೆಳೆತ ಹಾಗೆಯೇ ಅಲ್ಲವೇ ಎಂದಳು ಏದುಸಿರಲ್ಲಿ.
ಮೀನು ಕೊಂಡು ಹೋಗುತ್ತಿದ್ದವರು ನಿಂತು ನಕ್ಕರು,
ಹೀಗೆ ನಡೆದರೆ ಊರು ಮುಟ್ಟಿದ ಹಾಗೇ!

ನಾನು ನಗಲಿಲ್ಲ. ಆ ಹೆಜ್ಜೆಯ ಗುರುತಿತ್ತು.
ಮೆಷಿನಿಗೆ ಕೂರಿಸುವ ಮೊದಲು
ಅಪ್ಪ ನಮ್ಮಿಬ್ಬರಿಗೂ ಕಲಿಸಿದ ಕೈಹೊಲಿಗೆ:
ಸೂಜಿ ಎರಡು ಮುಂದೆ ಹೋಗಿ, ಒಂದು ಹಿಂದೆ ಬಂದು,
ತಾನು ಬಿಟ್ಟ ಸಂದು ತಾನೇ ಮುಚ್ಚಿ ಮುಂದಕ್ಕೆ.
ಬಟ್ಟೆ ಹರಿದೀತು, ಅದು ಬಿಚ್ಚದು.

ಸೋಮವಾರ ಕುಂಬ್ಳೆ ಸ್ಟ್ಯಾಂಡು, ಮಂಗಳೂರಿನ ಬಸ್ಸು.
ಗೋಣಿಯಲ್ಲಿ ಕಟ್ಟಿದ ಮೆಷಿನಿನ ತಲೆ ನನ್ನ ಹೆಗಲಲ್ಲಿ.
ಮುಂದೆ ಹೋದೆ. ಹಿಂದೆ ಸರಿದೆ.
ಕಂಡಕ್ಟರು ಬಾಗಿಲು ಬಡಿದ:
ಹತ್ತುವುದಾ, ನಿಲ್ಲುವುದಾ?
ತಾಳು ಮಾರಾಯ, ಎಂದೆ,
ಹೊಲಿಯುತ್ತಿದ್ದೇನೆ.