ಇಪ್ಪತ್ತೆರಡು ಪೌಂಡು

ಆರು ಶನಿವಾರ ಕ್ಲಬ್ಬಿನ ಬಿಲ್ಲು,
ಯಾರ್ಯಾರದೋ ಬೆವರಿಗೆ ಸವೆದ ಹಿಡಿ.
ಇವತ್ತು ಕೆಟರಿಂಗಿನ ಟೈರು ಗೋದಾಮಿನ ಹಿಂದೆ,
ನನ್ನದೇ ಒಂದಕ್ಕೆ.

ಕಣ್ಣು ಬಿದ್ದದ್ದು ಮೂವತ್ತೆರಡರ ಮೇಲೆ, ಕರಿ ನುಣುಪು.
ಎಳೆದೆ. ಭುಜ ಕಿವಿಗೇರಿತು,
ಹೆದೆ ಗಲ್ಲ ಮುಟ್ಟಲಿಲ್ಲ.
ಅಂಗಡಿಯ ಡೆರಿಕ್ ಏನೂ ಅನ್ನದೆ
ಗೋಡೆಯಿಂದ ಮಸುಕು ಹಸಿರಿನದೊಂದು ಇಳಿಸಿದ:
ಇಪ್ಪತ್ತೆರಡು. ಎಡಗೈಯವರದು.

ಐವತ್ತೊಂದು ವರ್ಷ ಬಲಗಣ್ಣನ್ನೇ ನೆಚ್ಚಿದ್ದೆ,
ಗುರಿ ಹಿಡಿಯುವುದು ಎಡಗಣ್ಣಂತೆ.

‘ನಿಮ್ಮ ತೋಳು ಬಲಿಯಲಿ,
ಆಮೇಲೆ ಇದರ ತೋಳು ಬದಲಿಸೋಣ.’

ಬಿಗಿಗೂ ಪೌಂಡು, ಬೆಲೆಗೂ ಪೌಂಡು ಇಲ್ಲಿ;
ಬೆಲೆ ಮಾತ್ರ ನೂರ ನಲವತ್ತು.
ಬಿಲ್ಲಿನ ಜತೆ ಬಿಲ್ಲು ಕೊಟ್ಟ.
ನಕ್ಕೆ. ಯಾಕೆ ಎಂದ.
ಇಂಗ್ಲಿಷಿನಲ್ಲಿ ಹೇಳಿದರೆ ನಗು ಬರುವುದಿಲ್ಲ.

ಬಸ್ ಸ್ಟಾಪಿನಲ್ಲಿ ಹೆಬ್ಬೆರಳೆತ್ತಿ ಎಡಗಣ್ಣು ಮುಚ್ಚಿದೆ:
ಚರ್ಚಿನ ಶಿಖರ ಒಂದೇ ನೆಗೆತಕ್ಕೆ
ಮೀನಂಗಡಿಯ ಮೇಲಿತ್ತು.