ಜೋಗಿಮಟ್ಟಿಯಿಂದ ಇಳಿಯುವಾಗ

ಗಾಳಿಕಂಬಗಳ ಕೆಳಗೆ ಇಳಿದು ತಳ್ಳಿದೆ.
ಸೈಕಲ್ಲು ನನ್ನನ್ನು ಹೊತ್ತದ್ದಕ್ಕಿಂತ
ನಾನು ಅದನ್ನು ಹೊತ್ತದ್ದೇ ಹೆಚ್ಚು, ಮೊನ್ನೆಯಿಂದ.

ಚೀಲದಲ್ಲಿ ಉಳಿದದ್ದು
ಅರ್ಧ ಸೇರು ಮಂಡಕ್ಕಿ, ಒಂದು ಟ್ಯೂಬು,
ಹೊಳಲ್ಕೆರೆಯಲ್ಲಿ ಕೊಂಡ ಬೆಲ್ಲ, ಇರುವೆ ಸಮೇತ.

ಜಾಲಿಮುಳ್ಳು ಮೂರು ಸಲ ಮಾತಾಡಿಸಿತು.
ಮನುಷ್ಯರಲ್ಲಿ ಚಿತ್ತಯ್ಯ ಒಬ್ಬನೇ, ಕುರಿ ಕಾಯುವವ.
"ಡಾಂಬರು ಅಲ್ಲೈತಲ್ಲ ತಾಯಿ" ಅಂದ.
ಗೊತ್ತು ಅಂದೆ.
ಬ್ರೇಕು ಒಮ್ಮೆ ಒತ್ತಿ ನೋಡಿ,
ಮತ್ತೇನೂ ಕೇಳದೆ ಬಾಟಲಿಗೆ ನೀರು ತುಂಬಿಸಿದ.

ರಾತ್ರಿ ಬಂಡೆಗೆ ಬೆನ್ನು ಕೊಟ್ಟೆ.
ಹಗಲಿನ ಬಿಸಿಲು ಅದರೊಳಗಿನ್ನೂ ಇತ್ತು,
ನಡುರಾತ್ರಿಯ ತನಕ ಸೋರಿತು.
ಆಮೇಲೆ ಕಲ್ಲೂ ತಣ್ಣಗಾಯಿತು;
ಕೆಮ್ಮಿದ್ದು ಕರಡಿಯೋ, ನಾನೋ, ತಿಳಿಯಲಿಲ್ಲ.

ಬೆಳಿಗ್ಗೆ ಚೈನಿಗೆ ಎಣ್ಣೆ ಬಿಟ್ಟೆ.
ಕೆಳಗೆ ಕೋಟೆ, ಊರು, ಸಿಗ್ನಲ್ಲು.
ಎಂಟೇ ನಿಮಿಷದ ಇಳಿಜಾರು.
ಬ್ರೇಕು ಒತ್ತುತ್ತಾ ಒತ್ತುತ್ತಾ
ಅದನ್ನು ಒಂದು ಗಂಟೆ ಮಾಡಿಕೊಂಡೆ.