ಏಳನೇ ಕ್ರಾಸಿನ ನೀರು

ದೂರಿನ ಪುಸ್ತಕದಲ್ಲಿ ನಾನು ಬರೆದದ್ದು:
'ದೂರು ಸ್ವೀಕರಿಸಲಾಗಿದೆ. ಪರಿಶೀಲಿಸಲಾಗುತ್ತಿದೆ.
ಸೂಕ್ತ ಕ್ರಮ ಕೈಗೊಳ್ಳಲಾಗುವುದು.'
ಮೂರು ವಾಕ್ಯ,
ಒಂದರಲ್ಲೂ ಒಂದು ನರಪಿಳ್ಳೆಯಿಲ್ಲ.
ಲಾಗಿದೆ, ಲಾಗುತ್ತಿದೆ, ಲಾಗುವುದು:
ಕಾಲ ಬದಲಾಗಿದೆ,
ಲಗ್ಗೆರೆಯ ಏಳನೇ ಕ್ರಾಸಿನ ನಲ್ಲಿ
ಹಾಗೇ ಇದೆ, ಬರೀ ಗಾಳಿ ಉಗುಳುತ್ತ.

ಅದೇ ಹಾಳೆಯ ಕೆಳಗೆ
ವಾಲ್ವ್‌ಮ್ಯಾನ್ ಮುನಿಚೌಡಪ್ಪ
ಒತ್ತಕ್ಷರ ಅರ್ಧ ನುಂಗಿ ಬರೆದದ್ದು:
'ಬೆಳಿಗ್ಗೆ ನಾಕೂ ಹತ್ತಕ್ಕೆ ವಾಲು ತಿರುಗಿಸಿದೆ.
ಏಳಕ್ಕೆ ನೀರು ಹೋಗಿಲ್ಲ.
ಪೈಪು ಒಡೆದಿರಬೇಕು. ಕಣ್ಣಲ್ಲಿ ನೋಡಿಲ್ಲ.
ನಿನ್ನೆ ಹೋಯ್ತು ಅಂದದ್ದು ನನ್ನ ತಪ್ಪು.'

ಸೋಮವಾರದ ಮೀಟಿಂಗು. ಸಾಹೇಬರು ಕೇಳಿದರು,
'ಬುಧವಾರಕ್ಕೆ ಆಗುತ್ತಾ?'
'ಆಗುತ್ತೆ ಸಾರ್' ಅಂದೆವು ಮೇಜಿನ ಸುತ್ತ ಕೂತ ಆರೂ ಜನ.
ಈ ಊರಲ್ಲಿ 'ಆಗುತ್ತೆ' ಅಂದರೆ
ನನ್ನನ್ನು ಬಿಡಿ, ಊಟದ ಹೊತ್ತಾಯಿತು ಅಂತಲೂ ಅರ್ಥ.
ಬಾಗಿಲ ಹತ್ತಿರ ನಿಂತವನು ಮಾತ್ರ
'ಆಗಲ್ಲ ಸಾರ್. ಶುಕ್ರವಾರ.
ಅದೂ ಅಡಿಗೆ ಬಂಡೆ ಸಿಗದಿದ್ದರೆ.'
ಫ್ಯಾನು ತಿರುಗುವುದು ಕೇಳಿಸಿತು.
ಸಾಹೇಬರ ಮುಖ ಗಂಟಾಯಿತು, ನಿಜ.
ಆದರೆ ಅವರು ಪೆನ್ನಿನ ಕ್ಯಾಪು ತೆಗೆದದ್ದು
ಆಗಲೇ.

ನಮ್ಮ ಮೆಸೇಜು ಹೋದರೆ ಆ ಬೀದಿಯಲ್ಲಿ
ಒಂದು ಬಿಂದಿಗೆಯೂ ಅಲುಗುವುದಿಲ್ಲ.
ಇವನು ಟಿವಿಎಸ್ಸಿನಲ್ಲಿ ಹೋಗುತ್ತ
ಎರಡು ಬೆರಳೆತ್ತಿದರೆ ಎರಡು ಗಂಟೆ ನೀರು,
ನೀಲಿ ಡ್ರಮ್ಮೆಲ್ಲ ಗೇಟಿನಾಚೆ.
ಕೈ ಅಲ್ಲಾಡಿಸಿದರೆ
ಯಾರೋ ಟ್ಯಾಂಕರಿನವನಿಗೆ ಫೋನು ಮಾಡುತ್ತಾರೆ.
ಯಾಕೆ ಅಂತ ಯಾರೂ ಕೇಳುವುದಿಲ್ಲ.

ಬಂಡೆ ಸಿಕ್ಕೇಬಿಟ್ಟಿತು.
ಶುಕ್ರವಾರ ಬೆಳಕು ಹರಿಯುವ ಮುಂಚೆ
ಬೀದಿ ಉದ್ದಕ್ಕೂ ಬಾಗಿಲು ತಟ್ಟಿದನಂತೆ:
'ಇವತ್ತಿಲ್ಲ ಅಕ್ಕಾ, ಭಾನುವಾರ.'
ಬೈದರಂತೆ, ಚೆನ್ನಾಗಿಯೇ.
ಇಸ್ತ್ರಿ ಅಂಗಡಿಯ ಜುಬೇದಮ್ಮ
ಬೈಯುತ್ತಲೇ ಟೀ ಕೊಟ್ಟರಂತೆ.

ಆ ಸಂಜೆ ನನ್ನ ಮೂರು ವಾಕ್ಯ ಹೊಡೆದುಹಾಕಿ
'ನಾನು' ಅಂತ ಶುರು ಮಾಡಿದೆ.
ಪೆನ್ನು ಅಲ್ಲೇ ನಿಂತಿತು,
ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಆಟೋ ನಿಂತ ಹಾಗೆ,
ಗುರುಗುಟ್ಟುತ್ತ.
ಹದಿಮೂರು ವರ್ಷದ ಸರ್ವಿಸಿನಲ್ಲಿ
ಆ ಪದದ ಮುಂದೆ ಏನು ಬರಬೇಕು ಅಂತ
ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.
ಕೊನೆಗೆ ಬರೆದೆ:
'ನಾನು ಇನ್ನೂ ಸ್ಥಳಕ್ಕೆ ಹೋಗಿಲ್ಲ.'
ಕೆಳಗೆ ಪೂರ್ತಿ ಹೆಸರು: ಎಚ್. ಕೆ. ಸುಗುಣಾವತಿ, ಸಹಾಯಕ ಇಂಜಿನಿಯರ್.

ಬರೆದ ಮೇಲೆ
ಕುರ್ಚಿಯಲ್ಲಿ ಕೂರಲಾಗಲಿಲ್ಲ.
ಹೆಲ್ಮೆಟ್ಟು ಎಲ್ಲಿಟ್ಟಿದ್ದೆ?